ಸ್ಪ್ರೂಸ್ ಮರದ ಬೆರಕೆ ಬೀಜ

ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಗೆ ಸಂತಾನವಾಗುವುದು ಅತಿ ವಿರಳವೆಂಬುದನ್ನು ವಾಚಕರು ಬಲ್ಲರು. ವೃಕ್ಷಗಳಲ್ಲಿ ಈ ಕಟ್ಟುಪಾಡು ಅಷ್ಟು ಬಿಗಿಯಾಗಿಲ್ಲ. ಕೆನಡಾ ದೇಶದ ಪಶ್ಚಿಮಕ್ಕಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಸೂಜಿಯಂತಹ ಎಲೆಯುಳ್ಳ ಸ್ಪ್ರೂಸ್ ಎಂಬ ಮರಗಳು ದಟ್ಟವಾಗಿ ಬೆಳೆಯುವುವು. ತಗ್ಗಿನಲ್ಲಿ ಬಿಳಿ ಸ್ಪ್ರೂಸ್, ಬೆಟ್ಟದ ಮೇಲೆ ಎಂಗಲ್‌ಮನ್ ಸ್ಪ್ರೂಸ್. ನಡುವಣ ಇಳಿಜಾರುಗಳಲ್ಲಿ ಇವೆರಡರ ಬೆರಕೆ. ಈ ಬೆರಕೆಯ ಮರವೂ ಬೀಜ ಕಟ್ಟುತ್ತದೆ, ಆ ಬೀಜವೂ ಮೊಳೆಯುತ್ತದೆ.

ಚಳಿ ಬಂದಿತೆಂದು ಓಡಿಹೋಗಲು ಮರಕ್ಕೆ ಕಾಲಿಲ್ಲವಷ್ಟೆ. ಆದುದರಿಂದ ಹಗಲು ಕುಗ್ಗುವುದನ್ನು ಅರಿತು, ಹಿಮ ಬೀಳುವ ಮೊದಲೇ ಅದು ಬೆಳವಣಿಗೆಯನ್ನು ನಿಲ್ಲಿಸಿ ಮೊಗ್ಗು ಕಟ್ಟಿಕೊಳ್ಳುವುದು. ಬೇಗ ನಿಲ್ಲಿಸಿದರೆ ಎತ್ತರ ಕುಂದುತ್ತದೆ. ತಡಮಾಡಿದರೆ ಎಳೆಯ ಚಿಗುರು ಹಿಮಕ್ಕೆ ಕರಕಾಗುತ್ತದೆ.

ಈ ಸಮಯಜ್ಞಾನ ವಂಶದಿಂದ ಬಂದುದು. ಗುಣಗಳನ್ನು ಹೊತ್ತ ವರ್ಣತಂತುಗಳು ಪ್ರತಿ ತಲೆಮಾರಿನಲ್ಲಿಯೂ ತುಂಡಾಗಿ ಮತ್ತೆ ಕೂಡಿಕೊಳ್ಳುವುದರಿಂದ, ಬೆರಕೆ ಮರದಲ್ಲಿ ಅವು ಎರಡು ಬಣ್ಣದ ಪಟ್ಟೆಸೀರೆಯಂತಾಗಿರುತ್ತವೆ. ಯಾವ ಪಟ್ಟೆಯುಳ್ಳ ಸಸಿಗಳು ಬೇಗ ಮೊಗ್ಗು ಕಟ್ಟುವುವೆಂದು ನೂರಾರು ಸಸಿಗಳಲ್ಲಿ ಹೋಲಿಸಿದರೆ, ಆ ಗುಣದ ಜೀನು ಎಲ್ಲಿದೆಯೆಂಬ ಸುಳಿವು ದೊರೆಯುವುದು. ಹೇಳುವುದೇನೋ ಸುಲಭ! ಬಿಳಿ ಸ್ಪ್ರೂಸಿನ ಡಿ.ಎನ್.ಎ. ಲಿಪಿಯಲ್ಲಿ ಸುಮಾರು 2,000 ಕೋಟಿ ಅಕ್ಷರಗಳಿವೆ; ಮನುಷ್ಯನದು 300 ಕೋಟಿ ಮಾತ್ರ. ಅದರ ಮೊದಲ ಕರಡು ಪ್ರಕಟವಾದುದು 2013ರಲ್ಲಿ. ಬಹುಭಾಗ ಬರಿಯ ಪುನರುಕ್ತಿ. ನಮ್ಮ ಕೆಲವು ಉಪನ್ಯಾಸಕರ ನೆನಪಾಗುತ್ತದೆ.

ಈ ಬೆರಕೆ ಸ್ಪ್ರೂಸನ್ನೂ ಅದೇ ಪ್ರಾಂತದ ಲಾಜ್‌ಪೋಲ್ ಪೈನ್ ಮರವನ್ನೂ ಜೊತೆಗಿಟ್ಟು ಪರೀಕ್ಷಿಸಿದ ವಿದ್ವಾಂಸರು 2016ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಈ ಎರಡು ವಂಶಗಳು ಅಗಲಿ 14 ಕೋಟಿ ವರ್ಷಗಳ ಮೇಲಾಯಿತು. ಆದರೂ ಹವೆಗೆ ಹೊಂದಿಕೊಳ್ಳುವುದರಲ್ಲಿ 47 ಜೀನುಗಳು ಎರಡರಲ್ಲಿಯೂ ಪಾತ್ರ ವಹಿಸಿರುವಂತೆ ಕಂಡುಬಂದಿತು. ಒಂದೇ ಜೀನನ್ನು ಹಿಡಿದು ಇದೇ ಚಳಿಯ ಬೀಗದ ಕೈಯೆಂದು ತೋರಿಸುವಂತಿಲ್ಲ. ಹಲವು ಕೈ ಸೇರಿದ ಕೆಲಸವದು.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಇಂದು ನೆಟ್ಟ ಸಸಿ ಅರುವತ್ತು ಎಂಬತ್ತು ವರ್ಷ ನಿಲ್ಲಬೇಕು. ಅಷ್ಟರಲ್ಲಿ ಹವೆಯೇ ಬೆಚ್ಚಗಾಗಿರುತ್ತದೆ. ನೆರೆಕಾಡಿನ ಬೀಜವೇ ಲೇಸೆಂಬುದು ಹಿಂದಿನ ರೂಢಿ. 2018ರಲ್ಲಿ ಆ ಪ್ರಾಂತದ ಸರ್ಕಾರವು ಹವೆಯನ್ನು ನೋಡಿ ಬೀಜವನ್ನು ಆರಿಸುವ ಹೊಸ ಕ್ರಮವನ್ನು ತಂದಿತು. ಎಷ್ಟು ಬೆಚ್ಚನೆಯ ಕಡೆಯಿಂದ ತರಬಹುದೆಂಬುದೇ ಕಷ್ಟದ ಲೆಕ್ಕ. ಅಳತೆ ಮೀರಿದರೆ, ಮುಂದಿನ ಸೆಕೆಗೆಂದು ಆರಿಸಿ ತಂದ ಸಸಿ ಮೊದಲ ಚಳಿಗಾಲದ ಹಿಮಕ್ಕೇ ಬಲಿಯಾಗುವುದು.