ಮುಚ್ಚಿದ ಬಾಗಿಲಿನ ಹಿಂದಿನ ನ್ಯಾಯ

ಇಬ್ಬರು ಪಾಲುದಾರರಲ್ಲಿ ಲೆಕ್ಕದ ವ್ಯಾಜ್ಯ ಬಂದಾಗ, ಇಬ್ಬರೂ ಒಪ್ಪಿದ ಹಿರಿಯರೊಬ್ಬರು ಒಳಮನೆಯಲ್ಲಿ ಕುಳಿತು ತೀರ್ಮಾನ ಹೇಳುವುದುಂಟು. ಅದರಲ್ಲಿ ದೋಷವಿಲ್ಲ, ವ್ಯಾಜ್ಯ ಅವರದು, ಲಾಭನಷ್ಟವೂ ಅವರದೇ. ಆದರೆ ಪ್ರಜೆಗಳು ಕೊಟ್ಟ ಆಯುಧವನ್ನು ಪ್ರಜೆಗಳ ಮೇಲೆಯೇ ಅನ್ಯಾಯವಾಗಿ ಪ್ರಯೋಗಿಸಿದನೆಂಬ ಆರೋಪ ಹೊತ್ತ ಪೊಲೀಸನ ವಿಚಾರಣೆಯೂ ಹೀಗೆಯೇ ಗುಟ್ಟಾಗಿ ಮುಗಿಯಬಹುದೇ? ಅಮೆರಿಕದ ಷಿಕಾಗೋ ನಗರದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು.

ಅಲ್ಲಿ ಗುರುತರ ಶಿಸ್ತು ಪ್ರಕರಣಗಳನ್ನು ಪೊಲೀಸ್ ಮಂಡಳಿಯು ಬಹಿರಂಗವಾಗಿ ವಿಚಾರಿಸುತ್ತಿತ್ತು. 2023ರಲ್ಲಿ, ಪೊಲೀಸ್ ಸಂಘಕ್ಕೂ ನಗರಾಡಳಿತಕ್ಕೂ ನಡುವಣ ಒಪ್ಪಂದದ ವ್ಯಾಜ್ಯದಲ್ಲಿ ಮಧ್ಯಸ್ಥರೊಬ್ಬರು, ವಜಾ ಅಥವಾ ಒಂದು ವರ್ಷ ಮೀರಿದ ಅಮಾನತನ್ನು ಎದುರಿಸುವವರು ಮಂಡಳಿಯ ಬದಲು ಮಧ್ಯಸ್ಥಿಕೆಯನ್ನು ಆರಿಸಿಕೊಳ್ಳಬಹುದೆಂದರು. ಅಂಥ ಮಧ್ಯಸ್ಥಿಕೆ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ. ನಗರ ಪರಿಷತ್ತು ಇದನ್ನು ಎರಡು ಬಾರಿ ತಿರಸ್ಕರಿಸಿತು. 2024ರ ಮಾರ್ಚಿಯಲ್ಲಿ ನ್ಯಾಯಾಧೀಶ ಮೈಕೆಲ್ ಮಲ್ಲೆನ್ ಅವರು, ಮಧ್ಯಸ್ಥಿಕೆಯ ಹಕ್ಕು ಪೊಲೀಸರಿಗಿದೆ, ಆದರೆ ವಿಚಾರಣೆ ಸಾರ್ವಜನಿಕರಿಗೆ ತೆರೆದಿರಬೇಕು ಎಂದು ತೀರ್ಪಿತ್ತರು. ನಮ್ಮ ಮಟ್ಟಿಗೆ ಇದು ವಿವೇಕದ ತೀರ್ಪು.

ಗುಟ್ಟಿನ ಫಲವೇನೆಂಬುದನ್ನು ಆ ನಗರ ಮೊದಲೇ ಉಂಡಿತ್ತು. 2014ರ ಅಕ್ಟೋಬರಿನಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17 ವರ್ಷದ ಹುಡುಗ ಪೊಲೀಸನೊಬ್ಬನ 16 ಗುಂಡುಗಳಿಗೆ ಬಲಿಯಾದ. ಅವನು ಮೇಲೆರಗಿ ಬಂದನೆಂದು ಪೊಲೀಸರ ವರದಿ ಹೇಳಿತು. ಪೊಲೀಸ್ ವಾಹನದ ಕ್ಯಾಮೆರಾದಲ್ಲಿದ್ದುದು, ದೂರ ಸರಿದು ಹೋಗುತ್ತಿದ್ದ ಹುಡುಗನ ಚಿತ್ರ. ಅದು ಜನರ ಕಣ್ಣಿಗೆ ಬೀಳಲು 13 ತಿಂಗಳು ಹಿಡಿಯಿತು. ಅದಕ್ಕೂ ನ್ಯಾಯಾಲಯದ ಆಜ್ಞೆಯೇ ಬೇಕಾಯಿತು. ಸುಳ್ಳು ವರದಿಗಳ ಸಂಬಂಧ 2019ರಲ್ಲಿ ನಾಲ್ವರು ಪೊಲೀಸರನ್ನು ವಜಾ ಮಾಡಿದ್ದು, ಬಹಿರಂಗ ವಿಚಾರಣೆ ನಡೆಸಿದ ಅದೇ ಪೊಲೀಸ್ ಮಂಡಳಿ.

ನಿರಪರಾಧಿಯ ಮಾನ ಬೀದಿಪಾಲಾಗದೇ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ದೇವಾಲಯದ ಧರ್ಮದರ್ಶಿಗಳು ವರ್ಷದ ಲೆಕ್ಕವನ್ನು ಸಭೆಯ ಮುಂದಿಟ್ಟರೆ ಅವರ ಮಾನಕ್ಕೆ ಕುಂದಾಗುತ್ತದೆಯೇ? ಕುಂದಾಗುವುದು ಲೆಕ್ಕವನ್ನು ಮುಚ್ಚಿಟ್ಟಾಗ. ಗುಟ್ಟಾಗಿ ದೊರೆತ ಬಿಡುಗಡೆಯನ್ನು ಊರು ನಂಬುವುದಿಲ್ಲ. ನಿರ್ದೋಷಿಯೂ ಜೀವಮಾನವಿಡೀ ಶಂಕೆಯ ಹೊರೆ ಹೊರಬೇಕಾಗುತ್ತದೆ. ಸಾಕ್ಷ್ಯವನ್ನು ಕಣ್ಣಾರೆ ಕಂಡ ಜನರಷ್ಟೇ ಅವನ ಮಾನವನ್ನು ಮರಳಿ ಕೊಡಬಲ್ಲರು.

ವಿಚಾರಿಸುವವರು ಯಾರೆಂಬುದನ್ನು ಕರಾರು ನಿರ್ಧರಿಸಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಧಿಕಾರ ಕೊಟ್ಟವರನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವ ಹಕ್ಕು ಯಾವ ಕರಾರಿಗೂ ಇಲ್ಲ.