ಇಳಕಲ್ಲಿನ ಹಳೇ ಜೀಪು
ಇಳಕಲ್ಲಿನ ಗ್ಯಾರೇಜೊಂದರಲ್ಲಿ ಈ ವಾರ ಹಳೇ ಮಹೀಂದ್ರಾ ಜೀಪೊಂದು ಮೈಬಿಚ್ಚಿಕೊಂಡು ನಿಂತಿತ್ತು. ಹಸಿರು ಬಣ್ಣ ಕೆರೆದಲ್ಲಿ ಬಿಳಿ, ಬಿಳಿ ಕೆರೆದಲ್ಲಿ ತುಕ್ಕು. ಚಾಸಿಯ ಸಂದಿಯಲ್ಲಿ ಗ್ರಾನೈಟ್ ಗಣಿಯ ಧೂಳು. ಮೂಲದ ಪೆಟ್ರೋಲ್ ಎಂಜಿನ್ ಎಂದೋ ಹೋಗಿ, ಆ ಜಾಗದಲ್ಲಿ ಡೀಸೆಲ್ ಎಂಜಿನ್ ಕೂತಿದೆ. ಕೊಂಡ ಹುಡುಗನಿಗೆ ಅದೇ ಚಿಂತೆ: ‘ಒರಿಜಿನಲ್ ಎಂಜಿನ್ ಹುಡುಕಬೇಕ್ರಿ ಸರ.’ 2021ರ ಕೇಂದ್ರ ನಿಯಮವೂ ಅವನ ಕಡೆಗೇ. 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಉಳಿದಿದ್ದರಷ್ಟೇ ‘ವಿಂಟೇಜ್’ ಪಟ್ಟ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮೇಲೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ದುಡಿಯದ ಜೀಪಿಗೆ ಸನ್ಮಾನ ಅಂದಂಗಾಯ್ತು! ಹುನಗುಂದದ ಎರೆಹೊಲ, ಬಾದಾಮಿಯ ಬನಶಂಕರಿ ಜಾತ್ರೆ ಅಂತ ಜನರನ್ನು ಹೇರಿಕೊಂಡು ತಿರುಗುವ ಗಾಡಿಗೆ ಪೆಟ್ರೋಲಿನ ಖರ್ಚು ನೀಗುವುದಿಲ್ಲ, ಡೀಸೆಲ್ಲಾದರೆ ನೀಗುತ್ತದೆ. ಎಂಜಿನ್ ಬದಲಾದದ್ದೂ ಜೀಪಿನ ಚರಿತ್ರೆಯೇ. ಇದೇ ಊರಿನ ಮಗ್ಗಗಳಲ್ಲಿ ಹತ್ತಿಯ ಒಡಲಿಗೆ ರೇಷ್ಮೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಎರಡು ನೂಲಿನ ಆ ಸೀರೆಯನ್ನು ಅಸಲಿ ಅಲ್ಲ ಅಂದವರುಂಟೇ? ತುಕ್ಕು ತೆಗೆಸು, ಬ್ರೇಕ್ ಮೊದಲು ಸರಿಮಾಡಿಸು, ಎಂಜಿನ್ ಬದಲಾದದ್ದು ಆರ್‌ಸಿ ಪುಸ್ತಕದಲ್ಲಿ ಏರಿದೆಯೋ ಇಲ್ಲವೋ ಬಾಗಲಕೋಟೆ ಆರ್‌ಟಿಒ ಕಚೇರಿಯಲ್ಲಿ ನೋಡಿಕೋ, ಆ ಡೀಸೆಲ್ ಎಂಜಿನ್ ಇದ್ದಲ್ಲೇ ಇರಲಿ ಬಿಡೋ ತಮ್ಮಾ ಅಂದೆ.