ಕಲ್ಲು ಬರೆಯದ ಒಲವು

ನಮ್ಮ ನಾಡಿನ ಶಾಸನಗಳು ಕೆರೆ ಕಟ್ಟಿಸಿದ್ದನ್ನು ಹೇಳುತ್ತವೆ, ಬಸದಿಗೆ ಬಿಟ್ಟ ಗದ್ದೆಯ ಎಲ್ಲೆಯನ್ನು ಹೇಳುತ್ತವೆ, ತುರುಗಾಳಗದಲ್ಲಿ ಮಡಿದವನ ಹೆಸರನ್ನು ಹೇಳುತ್ತವೆ. ಒಬ್ಬರಿಗೊಬ್ಬರು ಒಲಿದು ಬದುಕಿದ ಜೀವಗಳ ಮಾತು ಅವುಗಳಲ್ಲಿ ಬಲು ಅಪರೂಪ. ಆ ಖಾಲಿ ಜಾಗದಲ್ಲೇ ಐತಿಹಾಸಿಕ ಕಾದಂಬರಿ ಹುಟ್ಟುತ್ತದೆ. ಹೊಸದೊಂದು ಐತಿಹಾಸಿಕ ಕಾದಂಬರಿ ಕೈಗೆ ಬಂದಾಗ ಇಸವಿ ಸರಿಯಿದೆಯೇ, ಕೋಟೆಯ ವರ್ಣನೆ ಹೇಗಿದೆ ಎಂದು ನೋಡುವುದಕ್ಕೆ ಮೊದಲು ಅದರೊಳಗಿನ ಪ್ರೇಮವನ್ನು ನೋಡುತ್ತೇನೆ. ದಾಖಲೆಯ ಆಸರೆಯಿಲ್ಲದೆ ಲೇಖಕ ಒಬ್ಬನೇ ನಡೆಯಬೇಕಾದ ದಾರಿ ಅದು. ಅಲ್ಲಿ ಅವನು ಆ ಕಾಲದ ಹೆಣ್ಣಿಗೆ ಎಷ್ಟು ಸ್ವಂತ ಮನಸ್ಸು ಕೊಟ್ಟ ಎಂಬುದು ನನಗೆ ಮುಖ್ಯ.

ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಈ ಪ್ರಕಾರಕ್ಕೆ ಮರುಜೀವ ಬಂದಿದೆ. 2019ರಲ್ಲಿ ಬಂದ ವಸುಧೇಂದ್ರರ 'ತೇಜೋ ತುಂಗಭದ್ರಾ' ಅದಕ್ಕೆ ದೊಡ್ಡ ಕಾರಣ. ಲಿಸ್ಬನ್ನಿನ ಬಡ ಹುಡುಗ ಗೇಬ್ರಿಯಲ್ ಯಹೂದಿ ಹುಡುಗಿ ಬೆಲ್ಲಾಳನ್ನು ಮೆಚ್ಚುತ್ತಾನೆ, ಹಣ ಗಳಿಸಲು ಹಡಗು ಹತ್ತಿ ಇಂಡಿಯಾಕ್ಕೆ ಬರುತ್ತಾನೆ. ಇತ್ತ ತುಂಗಭದ್ರೆಯ ದಡದಲ್ಲಿ ಹಂಪಮ್ಮ ಮತ್ತು ಕೇಶವ. ಪೋರ್ಚುಗಲ್ಲಿನ ಯಹೂದಿಗಳನ್ನು 1497ರಲ್ಲಿ ಬಲವಂತವಾಗಿ ಮತಾಂತರಿಸಿದ್ದು, 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದದ್ದು, ಒಡೆಯನೊಡನೆ ಪ್ರಾಣ ಬಿಡುವ ಲೆಂಕರ ಪದ್ಧತಿ, ಸತಿ ಹೋಗುವುದು ಎಲ್ಲವೂ ಇಲ್ಲಿ ಬರುತ್ತವೆ. ಆದರೆ ಯಾವುದೂ ಹಿನ್ನೆಲೆಯ ಪರದೆಯಾಗಿ ಅಲ್ಲ. ಈ ಜೋಡಿಗಳ ಒಲವು ಮುರಿಯುವುದು ಈ ಸಂಗತಿಗಳಿಂದಲೇ. ರಾಜರ ಕಥೆಯನ್ನು ಬದಿಗಿಟ್ಟು, ರಾಜರ ತೀರ್ಮಾನಗಳು ಸಣ್ಣವರ ಮನೆಯೊಳಗೆ ಏನು ಮಾಡಿದವು ಎಂದು ಈ ಕಾದಂಬರಿ ಕೇಳಿತು. ಪುಸ್ತಕವೇ ಮುಟ್ಟದ ಹುಡುಗ ಹುಡುಗಿಯರು ಇದನ್ನು ಓದಿ ಹಂಪಿಗೆ ಹೋದದ್ದನ್ನು ನಾನು ಬಲ್ಲೆ.

ಗಜಾನನ ಶರ್ಮರ 'ಚೆನ್ನಭೈರಾದೇವಿ'ಯದು ಬೇರೆ ಬಗೆ. ಗೇರುಸೊಪ್ಪೆಯ ಈ ಜೈನ ರಾಣಿ 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳೆಂದು ಇತಿಹಾಸಕಾರರು ಗುರುತಿಸುತ್ತಾರೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಕೊನೆಗೆ ಕೆಳದಿಯವರ ಕೈಗೆ ರಾಜ್ಯ ಹೋಯಿತು. 1623ರಲ್ಲಿ ಗೇರುಸೊಪ್ಪೆಯ ಮೇಲೆ ಹಾದು ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಒಂದು ಕಥೆ ಬರೆದಿಟ್ಟ: ಇಲ್ಲಿನ ರಾಣಿ ಕೀಳು ಹುಟ್ಟಿನ ಪರದೇಶಿಯೊಬ್ಬನಿಗೆ ಒಲಿದು ರಾಜ್ಯವನ್ನೇ ಅವನ ಕೈಗೊಪ್ಪಿಸಿದಳು, ಅವನು ತಿರುಗಿಬಿದ್ದ, ಎಲ್ಲ ಹಾಳಾಯಿತು. ದೆಲ್ಲಾ ವಾಲೆ ಇದನ್ನು ಬರೆದುಕೊಂಡಾಗ ಆ ಸೀಮೆ ಗೆದ್ದವನಾದ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆಯಲ್ಲಿತ್ತು ಎಂಬುದನ್ನು ಮರೆಯಬಾರದು. ಸೋತವಳ ಪರವಾಗಿ ಹೇಳುವವರು ಯಾರಿದ್ದರು?

ಶರ್ಮರು ತಮ್ಮ ಕಾದಂಬರಿಯ ಉಪಶೀರ್ಷಿಕೆಯಲ್ಲೇ ಇದು ರಾಣಿಯ ಅಕಳಂಕ ಚರಿತೆ ಎಂದಿದ್ದಾರೆ. ನಾಲ್ಕು ನೂರು ವರ್ಷದ ಮಾತಿಗೆ ಉತ್ತರ ಕೊಡಬೇಕಾದದ್ದು ನ್ಯಾಯವೇ, ಆ ಕೆಲಸಕ್ಕೆ ಅವರು ಪಟ್ಟ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೂ ಒಂದು ಪ್ರಶ್ನೆ ನನ್ನಲ್ಲಿ ಉಳಿದಿದೆ. ಆ ರಾಣಿ ನಿಜಕ್ಕೂ ಯಾರಿಗಾದರೂ ಒಲಿದಿದ್ದರೆ ಅದು ಕಳಂಕವೇ? ರಾಜರು ಹತ್ತು ಮದುವೆಯಾದರೂ ಅದರಿಂದ ರಾಜ್ಯ ಹೋಯಿತೆಂದು ಯಾರೂ ಬರೆಯಲಿಲ್ಲ. ಅರ್ಧ ಶತಮಾನ ರಾಜ್ಯವನ್ನೂ ಮೆಣಸಿನ ವ್ಯಾಪಾರವನ್ನೂ ನಡೆಸಿದವಳು ಸೋತಾಗ ಮಾತ್ರ ಕಾರಣವನ್ನು ಅವಳ ಎದೆಯೊಳಗೆ ಹುಡುಕಿದರು. ಪ್ರೀತಿಸಿಯೂ ಸಮರ್ಥಳಾಗಿದ್ದ ಚೆನ್ನಭೈರಾದೇವಿಯನ್ನು ಬರೆಯುವ ಇನ್ನೊಂದು ಕಾದಂಬರಿಗೆ ಜಾಗವಿದೆ. ಇದೇ ರಾಣಿಯ ಸುತ್ತ ಕೆ.ಎನ್. ಗಣೇಶಯ್ಯನವರು ಬರೆದ 'ಬಳ್ಳಿಕಾಳ ಬೆಳ್ಳಿ'ಯನ್ನು ಜೊತೆಯಲ್ಲಿಟ್ಟು ಓದಿದರೆ ಒಂದೇ ಇತಿಹಾಸದ ಎರಡು ದಾರಿ ಕಾಣುತ್ತವೆ.

ರಾಣಿಯರ ಒಲವನ್ನು ಬರೆಯುವಲ್ಲಿನ ಈ ಸಂಕೋಚ ಹಳೆಯದು. ಹೊಯ್ಸಳ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್ 'ಶಾಂತಲಾ' ಬರೆದರು, ಸಿ.ಕೆ. ನಾಗರಾಜರಾಯರು 'ಪಟ್ಟಮಹಾದೇವಿ ಶಾಂತಲದೇವಿ'ಯನ್ನು ಬೃಹತ್ತಾಗಿ ಬರೆದರು. ಎರಡನ್ನೂ ನಮ್ಮ ಹಿರಿಯರು ಕಣ್ಣೀರಿಟ್ಟು ಓದಿದ್ದಾರೆ. ಕಾದಂಬರಿಗಳಿಂದ ನಮ್ಮ ಮನಸ್ಸಿನಲ್ಲಿ ನಿಂತಿರುವ ಶಾಂತಲೆ ತಾಳ್ಮೆಯ ಮೂರ್ತಿ. ಶ್ರವಣಬೆಳಗೊಳದಲ್ಲಿ ಅವಳು 1123ರಲ್ಲಿ ಕಟ್ಟಿಸಿದ ಬಸದಿಗೆ ಇರುವ ಹೆಸರಾದರೋ ಸವತಿಗಂಧವಾರಣ, ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ. ಅದು ಅವಳದೇ ಬಿರುದು. ಗಂಡನ ಮೇಲಿನ ಹಕ್ಕನ್ನು ಹೀಗೆ ಸಾರಿದವಳ ಒಲವಿನಲ್ಲಿ ಉರಿಯೂ ಇತ್ತಲ್ಲವೇ?

ಹೊಸ ಓದುಗರಿಗೆ ಇನ್ನೂ ಕೆಲವು ಹೆಸರು. ಗೋವೆಯಿಂದ ಹೊರಟ ಸಾರಸ್ವತರ ತಲೆಮಾರುಗಳ ಕಥೆ ಹೇಳುವ ಗೋಪಾಲಕೃಷ್ಣ ಪೈಯವರ 'ಸ್ವಪ್ನ ಸಾರಸ್ವತ'ವನ್ನು ಬಿಡುವು ಮಾಡಿಕೊಂಡು ಓದಬೇಕು. ವಸುಧೇಂದ್ರರ 'ರೇಷ್ಮೆ ಬಟ್ಟೆ' ಕನ್ನಡ ಕಾದಂಬರಿಯನ್ನು ಪ್ರಾಚೀನ ವ್ಯಾಪಾರದ ದಾರಿಗಳಿಗೆ ಒಯ್ದಿದೆ. ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಇನ್ನೂ ಓದದವರು ಅಲ್ಲಿಂದಲೇ ಶುರು ಮಾಡಲಿ.

ಬರೆಯುವವರಿಗೂ ಒಂದು ಮಾತು. ಅದೇ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಯಲ್ಲಿ ಒಬ್ಬ ವಿಧವೆಯ ಮನೆಗೆ ಹೋಗಿದ್ದ. ಅವಳ ಹೆಸರು ಅವನ ಬರಹದಲ್ಲಿ ನಮ್ಮ ಜಕ್ಕಮ್ಮ ಎಂದು ಓದಬಹುದಾದ ಹಾಗಿದೆ. ಗಂಡ ವಾದ್ಯ ಬಾರಿಸುವವನು. ಚಿತೆ ಏರಲು ಹೊರಟಿದ್ದ ಅವಳನ್ನು ಇವನು ಬೇಡವೆಂದು ತಡೆಯಲು ನೋಡಿದ. ಯಾರ ಬಲವಂತವೂ ಇಲ್ಲ, ಇದು ನನ್ನದೇ ಇಚ್ಛೆ ಎಂದಳಂತೆ. ಗಂಡನ ಬೇರೆ ಹೆಂಡಿರು ಸಾಯಲು ಒಪ್ಪಿರಲಿಲ್ಲ. ಆ ಒಂದೇ ಮನೆಯಲ್ಲಿ ಸಾಯಲು ಹೊರಟವಳೂ ಬದುಕಲು ನಿಂತವರೂ ಇದ್ದರು, ಅವರೆಲ್ಲ ಒಬ್ಬ ಬಡ ವಾದ್ಯದವನೊಡನೆ ಬಾಳಿದವರು. ಆ ಮನೆಯ ಕಾದಂಬರಿಯನ್ನು ಕನ್ನಡದಲ್ಲಿ ಓದಬೇಕೆಂಬ ಆಸೆ ನನಗಿದೆ. ಯಾರಾದರೂ ಬರೆಯಲು ಕೂತರೆ, ಮೊದಲ ಅಧ್ಯಾಯಗಳನ್ನು ನಮಗೆ ಕಳಿಸಿಕೊಡಿ.